ಗುರಲಿಂಗಪ್ಪ ಬಾಯಿ ಮುಚ್ಚಿದ ಹತ್ತು ದಿನ

ಇಳಕಲ್ಲಿನ ನೇಕಾರ ಓಣಿಯ ವಾಚನಾಲಯದಲ್ಲಿ ಗುರಲಿಂಗಪ್ಪನ ಕೆಲಸ ಜನರಿಗೆ ಪುಸ್ತಕ ಕೊಡುವುದು. ಹನ್ನೆರಡು ವರ್ಷ ಅವನು ಕೊಟ್ಟದ್ದು ಹೆಚ್ಚಾಗಿ ಮಾತು. ಇದನ್ನು ಅವನ ಹೆಂಡತಿ ಸಾವಿತ್ರೆವ್ವ ಅವನ ಮುಖದ ಮೇಲೇ ಹೇಳಲು ಎಷ್ಟೋ ಸಲ ಶುರು ಮಾಡಿದ್ದಳು. ಮುಗಿಸಲು ಅವನು ಒಂದು ಸಲವೂ ಬಿಟ್ಟಿರಲಿಲ್ಲ.

ವಾಚನಾಲಯವೆಂದರೆ ಕೆಂಪು ಕಲ್ಲಿನ ಒಂದು ಖೋಲಿ, ಎರಡು ಬಾಕು, ನಾಲ್ಕು ಕಪಾಟು. ಹೆಸರಾದ ದಪ್ಪ ಕಾದಂಬರಿಗಳೂ ಪತ್ತೇದಾರಿ ಕಾದಂಬರಿಗಳೂ ಮೇಲಿನ ಹಲಗೆಗಳಲ್ಲಿ ಇರಬೇಕಾದವು. ಆದರೆ ಅವು ಅಲ್ಲಿ ಇದ್ದದ್ದನ್ನು ಕಂಡವರು ಕಡಿಮೆ, ಬಂದ ದಿನವೇ ಯಾರದೋ ಕಂಕುಳಲ್ಲಿ ಹೊರಟುಬಿಡುತ್ತಿದ್ದವು. ಎಲ್ಲಕ್ಕೂ ಕೆಳಗಿನ ಹಲಗೆಯಲ್ಲಿ ಕಿಶೋರ ಕಾದಂಬರಿಗಳಿದ್ದವು. ಅವುಗಳ ಕಡೆಗೆ ಯಾರೂ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಚಿತ್ರವಿಲ್ಲವೆಂದು ಸಣ್ಣ ಮಕ್ಕಳಿಗೆ ಬೇಡ, ಹುಡುಗರದೆಂದು ದೊಡ್ಡವರಿಗೆ ಬೇಡ. ಯಾರಿಗಾಗಿ ಬರೆದದ್ದೋ ಆ ಹದಿಮೂರು ಹದಿನಾಲ್ಕರ ವಯಸ್ಸಿನವರು, ತಾವೂ ದೊಡ್ಡವರಾದೆವೆಂದು ತೋರಿಸಿಕೊಳ್ಳಲು ಪತ್ತೇದಾರಿಯನ್ನೇ ಕೇಳುತ್ತಿದ್ದರು.

ಆ ಕೆಳಗಿನ ಹಲಗೆ ಸಿಗುವುದು ನೆಲ ಒರೆಸುವವನಿಗೆ ಮಾತ್ರ. ಗುರಲಿಂಗಪ್ಪ ದಿನಾ ಒರೆಸಲು ಕೂಡುತ್ತಿದ್ದ. ಮೊಣಕಾಲು ಹಿಡಿದುಕೊಂಡು ಬೇಗ ಏಳಲು ಬರುತ್ತಿರಲಿಲ್ಲ. ಕೂತವನು ಸುಮ್ಮನೆ ಇರುವ ಜಾತಿಯಲ್ಲ, ಒಂದು ಪುಸ್ತಕ ಎಳೆದುಕೊಳ್ಳುತ್ತಿದ್ದ. ಹಾಗೆ ಅಲ್ಲಿದ್ದ ನಲವತ್ತೊಂದು ಕಾದಂಬರಿಗಳನ್ನೂ ಓದಿ ಮುಗಿಸಿದ. ಮುಗಿಸಿದ ಮೇಲೆ ಅವನಿಗೆ ಊರಿನ ಮೇಲೆ ಸಿಟ್ಟು ಬಂತು. ಹೆಸರಾದ ಪುಸ್ತಕ ತನ್ನ ಕಾಲ ಮೇಲೆ ತಾನೇ ಮನೆಮನೆಗೆ ಹೋಗುತ್ತದೆ. ಹೆಸರಿಲ್ಲದ್ದನ್ನು ಯಾರಾದರೂ ಕೈಹಿಡಿದು ಕರೆದೊಯ್ಯಬೇಕಲ್ಲ. ಆ ಕೆಲಸ ತನ್ನದೆಂದು ಅವನು ತಾನೇ ತೀರ್ಮಾನ ಮಾಡಿಕೊಂಡ. ಆಗ ಸಾವಿರದ ಒಂಬೈನೂರ ಅರವತ್ತೆಂಟನೆಯ ಇಸವಿ.

ಆದರೆ ಅವನು ಶಿಫಾರಸು ಮಾಡುವ ರೀತಿಯಲ್ಲೇ ಎಡವಟ್ಟಿತ್ತು. ಪತ್ತೇದಾರಿ ಕೇಳಲು ಬಂದ ಹುಡುಗನನ್ನು ಬಾಕಿನ ಮೇಲೆ ಕೂಡಿಸಿ, "ಪತ್ತೇದಾರಿ ಇರಲಿ ತಮ್ಮಾ, ಇದೊಂದು ಐತಿ ನೋಡು," ಎಂದು ಶುರು ಮಾಡುತ್ತಿದ್ದ. ಬಾದಾಮಿಯ ಗುಡ್ಡದ ಮೇಲೆ ಕಳೆದುಹೋದ ತಮ್ಮನನ್ನು ಹುಡುಕುವ ಅಣ್ಣನ ಕತೆ. ಎರಡು ಮಾತಿನಲ್ಲಿ ಹೇಳಿ ಬಿಟ್ಟಿದ್ದರೆ ಹುಡುಗ ಪುಸ್ತಕ ಒಯ್ಯುತ್ತಿದ್ದ. ಗುರಲಿಂಗಪ್ಪ ಗುಡ್ಡ ಹತ್ತಿಸಿ, ಬಿಸಿಲಲ್ಲಿ ಬಾಯಾರಿಸಿ, ಮಂಗಗಳ ಕೈಯಲ್ಲಿ ಬುತ್ತಿ ಕಿತ್ತಿಸಿ, ತಮ್ಮನನ್ನು ಹುಡುಕಿಕೊಟ್ಟು, ಅಣ್ಣ ತಮ್ಮ ಇಬ್ಬರನ್ನೂ ಅವ್ವನ ಮಡಿಲಿಗೆ ಹಾಕಿದ ಮೇಲೆಯೇ ಉಸಿರು ಬಿಡುತ್ತಿದ್ದ. ಹುಡುಗ ಕಣ್ಣು ಒರೆಸಿಕೊಂಡು, "ಭಾಳ ಛಲೋ ಐತ್ರಿ ಕಾಕಾ," ಎಂದು ಎದ್ದು ಹೋಗುತ್ತಿದ್ದ.

"ಪುಸ್ತಕ ಒಯ್ಯೋ."

"ಕತಿ ಗೊತ್ತಾತಲ್ರಿ. ಇನ್ನ ಪುಸ್ತಕ ಏನ್ ಮಾಡ್ಲಿ?"

ಹುಡುಗ ಹೇಳುವುದರಲ್ಲಿ ನ್ಯಾಯವಿತ್ತು. ಗುರಲಿಂಗಪ್ಪನಿಗೂ ಅದರಿಂದ ಬೇಸರವೇನೂ ಆಗುತ್ತಿರಲಿಲ್ಲ, ನಿಜ ಹೇಳಬೇಕೆಂದರೆ ಒಳಗೊಳಗೇ ಉಬ್ಬುತ್ತಿದ್ದ.

ಮಧ್ಯಾಹ್ನ ಎರಡರಿಂದ ನಾಲ್ಕು ವಾಚನಾಲಯಕ್ಕೆ ಬೀಗ. ಆ ಹೊತ್ತಿನಲ್ಲಿ ಅವನು ಒಂದು ಪುಸ್ತಕ ಕಂಕುಳಲ್ಲಿಟ್ಟುಕೊಂಡು ಎದುರಿನ ಹುಚ್ಚವ್ವನ ಪಡಸಾಲೆಗೆ ಹೋಗುತ್ತಿದ್ದ. ಹುಚ್ಚವ್ವನದು ಕಂಡಿಕೆ ಸುತ್ತುವ ಉದ್ಯೋಗ. ಓಣಿಯ ಮಗ್ಗಗಳಿಗೆ ಬೇಕಾದ ನೂಲನ್ನು ಎಂಟು ಹತ್ತು ಹುಡುಗಿಯರು ಅವಳಲ್ಲಿ ಕೂತು ರಾಟಿಯಿಂದ ಸಣ್ಣ ಸಣ್ಣ ಕೊಳವೆಗಳಿಗೆ ಸುತ್ತುತ್ತಿದ್ದರು. ಕೈಗೆ ಕೆಲಸವಿದ್ದು ಕಿವಿ ಖಾಲಿ ಇರುವ ಜನ. ಗುರಲಿಂಗಪ್ಪನಂಥವನಿಗೆ ಇನ್ನೇನು ಬೇಕು. ಕಂಬಕ್ಕೆ ಒರಗಿ ಕೂತು ಕತೆ ತೆಗೆಯುತ್ತಿದ್ದ. ಕಂಕುಳಲ್ಲಿನ ಪುಸ್ತಕ ಕಂಕುಳಲ್ಲೇ ಇರುತ್ತಿತ್ತು, ತೆರೆದದ್ದನ್ನು ಯಾರೂ ಕಂಡಿಲ್ಲ.

ನಲವತ್ತೊಂದರಲ್ಲಿ ಅವನಿಗೆ ಜೀವಕ್ಕಿಂತ ಹೆಚ್ಚಿನದು ಒಂದಿತ್ತು. ಹೆಸರು 'ತುಂಗವ್ವನ ಹರಗೋಲು'. ಯಾವುದೋ ಹಳ್ಳಿಯ ಕನ್ನಡ ಶಾಲೆಯ ಮಾಸ್ತರರೊಬ್ಬರು ಬರೆದು ತಾವೇ ಅಚ್ಚು ಹಾಕಿಸಿದ್ದು. ತೊಂಬತ್ತಾರು ಪುಟ, ಮಾಸಿದ ಹಳದಿ ರಟ್ಟು. ಅದರ ಇನ್ನೊಂದು ಪ್ರತಿ ಗುರಲಿಂಗಪ್ಪನಿಗೆ ಹುನಗುಂದದಲ್ಲಿ ಸಿಕ್ಕಿರಲಿಲ್ಲ, ಬಾಗಲಕೋಟೆಯಲ್ಲಿ ಸಿಕ್ಕಿರಲಿಲ್ಲ, ಬರೆದ ಮಾಸ್ತರರ ಹಳ್ಳಿಗೆ ಹೋಗಿ ಕೇಳಿದರೆ ಉಳಿದ ಪ್ರತಿಗಳನ್ನು ಗೆದ್ದಲು ತಿಂದವೆಂದು ಅವರ ಮಗಳು ಹೇಳಿದ್ದಳು.

ತುಂಗವ್ವ ಹದಿಮೂರರ ಹುಡುಗಿ, ಅಂಬಿಗನ ಮಗಳು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯ ದಿನ ಹೊಳೆ ಏರುತ್ತಿದೆ, ಅಪ್ಪನಿಗೆ ಜ್ವರ. ಊರಿನ ನಾಲ್ಕು ಹುಡುಗರು ಆಚೆ ದಂಡೆಗೆ ಹೋಗಿ ಪರೀಕ್ಷೆ ಬರೆಯಬೇಕು. ಅವರಿಗಿಂತ ಚೆನ್ನಾಗಿ ಓದಿದವಳು ತುಂಗವ್ವ, ಆದರೆ ಅವಳ ಅರ್ಜಿ ತುಂಬಿದವರಿಲ್ಲ. ಹುಟ್ಟು ಹಿಡಿದು ಹುಡುಗರನ್ನು ದಾಟಿಸುವವಳು ಅವಳೇ. ನಡುಹೊಳೆಯಲ್ಲಿ ಹರಗೋಲು ಗರಗರ ತಿರುಗಲು ಹತ್ತುತ್ತದೆ. ಇಷ್ಟೂ ಪುಸ್ತಕದಲ್ಲಿದೆ.

ಪುಸ್ತಕದಲ್ಲಿ ಇಲ್ಲದ್ದು ಹೋತ. ಅದೇ ಅರವತ್ತೆಂಟನೆಯ ಇಸವಿಯಲ್ಲಿ, ಬೀರಪ್ಪ ದೇವರ ಒಕ್ಕಲಿನ ಕುರಿಗಾರರ ಹುಡುಗಿ ಹನಮವ್ವ ಕಂಡಿಕೆ ಸುತ್ತುತ್ತ, "ಕಾಕಾ, ಹರಗೋಲಿನ್ಯಾಗ ಆಡು ಕುರಿ ಏನೂ ಇಲ್ಲೇನ್ರಿ?" ಎಂದು ಕೇಳಿದಳು. ಇಲ್ಲ ಎನ್ನುವುದು ಗುರಲಿಂಗಪ್ಪನ ಬಾಯಿಗೆ ಬರುವ ಮಾತಲ್ಲ. "ಇಲ್ಲದ ಏನ? ಒಂದು ಕರೇ ಹೋತ ಐತಿ," ಎಂದ. ಅಂದಿನಿಂದ ಆ ಗಡ್ಡದ ಹೋತ ಹರಗೋಲು ಹತ್ತಿದ್ದು ಇಳಿಯಲಿಲ್ಲ. ವರ್ಷಕ್ಕೊಂದು ಸಲ ಹೊಸ ಹುಡುಗಿಯರಿಗೆ ಆ ಕತೆ ಹೇಳುತ್ತಿದ್ದ, ವರ್ಷ ವರ್ಷಕ್ಕೂ ಹೋತ ಬೆಳೆಯುತ್ತಿತ್ತು. ಒಂದು ವರ್ಷ ಅದು ಹೊಳೆಗೆ ಹಾರಿ ಹಗ್ಗ ಕಚ್ಚಿ ಹರಗೋಲನ್ನು ಎಳೆಯಿತು. ಇನ್ನೊಂದು ವರ್ಷ ಪಾಪ, ಮುಳುಗಿ ಸತ್ತು ಪಡಸಾಲೆಯವರನ್ನೆಲ್ಲ ಅಳಿಸಿತು. ಮತ್ತೊಂದು ವರ್ಷ ಆಚೆ ದಂಡೆಯಲ್ಲಿ ಪರೀಕ್ಷೆಯ ಕೋಣೆಗೆ ನುಗ್ಗಿ ಹೆಡ್ ಮಾಸ್ತರನ್ನು ಹಾದು ಕೆಡವಿತು. ತುಂಗವ್ವನ ಕತೆಯಲ್ಲಿ ತುಂಗವ್ವನಿಗಿಂತ ಹೋತದ ಹೆಸರೇ ದೊಡ್ಡದಾಯಿತು.

ಎಪ್ಪತ್ತೊಂಬತ್ತರ ಶ್ರಾವಣಕ್ಕೆ ಹತ್ತು ದಿನ ಇರುವಾಗ ಮೇಲಿನ ಆಫೀಸಿನಿಂದ ಒಂದು ಕಾಗದ ಬಂತು. ಜಾಗ ಸಾಲದ್ದರಿಂದ, ಹತ್ತು ವರ್ಷಗಳಲ್ಲಿ ಒಬ್ಬರೂ ಮನೆಗೆ ಒಯ್ಯದ ಪುಸ್ತಕಗಳನ್ನು ತೆಗೆದು ರದ್ದಿಗೆ ಹಾಕುವುದು, ಹರಿದು ಕೆಟ್ಟವನ್ನೂ ಹಾಗೆಯೇ ಮಾಡುವುದು, ತಪಾಸಣೆಗೆ ಸಾಹೇಬರು ತಾವೇ ಬರುವರು, ತಾರೀಖು ಇಂಥದು.

ಗುರಲಿಂಗಪ್ಪ ನಗುತ್ತಲೇ ಕೆಳಗಿನ ಹಲಗೆಯ ಮುಂದೆ ಕೂತು 'ತುಂಗವ್ವನ ಹರಗೋಲು' ತೆಗೆದ. ಪ್ರತಿಯೊಂದು ಪುಸ್ತಕದ ಹಿಂದಿನ ರಟ್ಟಿಗೆ ಒಂದು ಚೀಟಿ ಅಂಟಿಸಿರುತ್ತದೆ, ಒಯ್ದವರು ಅದರ ಮೇಲೆ ಸಹಿ ಮಾಡಬೇಕು, ಇವನು ತಾರೀಖಿನ ಶಿಕ್ಕಾ ಒತ್ತಬೇಕು. ಚೀಟಿ ನೋಡಿದವನ ನಗು ನಿಂತಿತು. ಅದು ಅಂಟಿಸಿದ ದಿನ ಎಷ್ಟು ಬೆಳ್ಳಗಿತ್ತೋ ಅಷ್ಟೇ ಬೆಳ್ಳಗಿತ್ತು. ಊರಿಗೆ ಊರೇ ಬಲ್ಲ ಪುಸ್ತಕವನ್ನು ಹನ್ನೊಂದು ವರ್ಷದಲ್ಲಿ ಒಬ್ಬರೂ ಮುಟ್ಟಿರಲಿಲ್ಲ. ಉಳಿದ ನಲವತ್ತನ್ನೂ ತೆಗೆದು ನೋಡಿದ. ಅವುಗಳನ್ನು ಅವನು ಅಷ್ಟು ಹೇಳಿರಲಿಲ್ಲ, ಹಾಗಾಗಿ ಒಂದೋ ಎರಡೋ ಶಿಕ್ಕಾ ಬಿದ್ದಿದ್ದವು. ಅವನು ಎಲ್ಲಕ್ಕಿಂತ ಹೆಚ್ಚು ಪ್ರೀತಿಸಿದ್ದೇ ಎಲ್ಲಕ್ಕಿಂತ ಮೊದಲು ರದ್ದಿಗೆ ಹೋಗುವುದಿತ್ತು. ಕೊಂದವನು ಯಾರು ಎಂದು ಕೇಳಲು ಪತ್ತೇದಾರ ಬೇಕಿರಲಿಲ್ಲ.

ನಾಲ್ಕು ಸುಳ್ಳು ಶಿಕ್ಕಾ ಒತ್ತಿಬಿಡೋಣವೆಂದು ಕೈಗೆ ತೆಗೆದುಕೊಂಡದ್ದೂ ಆಯಿತು. ಕೈ ಬರಲಿಲ್ಲ. ಹನ್ನೊಂದು ವರ್ಷದಿಂದ ಇಲ್ಲದ ಹೋತವನ್ನು ಇದೆ ಎಂದು ಹೇಳುತ್ತ ಬಂದವನಿಗೆ ಒಂದು ಶಿಕ್ಕಾ ಯಾಕೆ ಭಾರವಾಯಿತೋ ಅವನಿಗೇ ಗೊತ್ತು. ಹೋತ ಕತೆ, ಶಿಕ್ಕಾ ಸರಕಾರ ಎಂದು ಅವನ ಲೆಕ್ಕ ಇರಬೇಕು.

ಉಳಿದದ್ದು ಒಂದೇ ದಾರಿ, ಕತೆಯನ್ನು ಅರ್ಧಕ್ಕೆ ನಿಲ್ಲಿಸುವುದು. ಅದೃಷ್ಟಕ್ಕೆ ಆ ವರ್ಷದ ಹುಡುಗಿಯರಿಗೆ ತುಂಗವ್ವನ ಕತೆ ಶುರುವಾಗಿ ನಾಲ್ಕು ದಿನವಾಗಿತ್ತು, ಹರಗೋಲು ನಡುಹೊಳೆಯಲ್ಲಿತ್ತು. ಮರುದಿನ ಪಡಸಾಲೆಗೆ ಹೋದವನೇ ಗಂಟಲು ಸರಿಪಡಿಸಿಕೊಂಡು, "ಮುಂದಿಂದು ಪುಸ್ತಕದಾಗ ಓದ್ಕೋರಿ," ಎಂದ.

ರಾಟಿಗಳು ನಿಂತವು. ಹುಚ್ಚವ್ವ ಎದ್ದು ಬಾಗಿಲ ಅಗಳಿ ಹಾಕಿದಳು. "ಹೊಳಿ ನಡುವ ಹುಡುಗಿನ್ನ ಬಿಟ್ಟು ಎಲ್ಲಿ ಹೊಂಟಿ ನೀ? ದಂಡಿಗಿ ಮುಟ್ಟಿಸಿ ಹೋಗು."

"ಅಲ್ಲ ಹುಚ್ಚವ್ವ, ಅದು ಏನಂದ್ರ..."

"ಹೋತ ಏನು ಮಾಡ್ತು, ಅಷ್ಟರ ಹೇಳು."

ಗುರಲಿಂಗಪ್ಪನಿಗೆ ತಡೆಯಲಾಗಲಿಲ್ಲ. ಹೋತವನ್ನು ಹರಗೋಲಿನ ಅಂಚಿಗೆ ತಂದು ಮುಂಗಾಲು ಎತ್ತಿಸಿಯೇಬಿಟ್ಟ. ಆಗ ನಾಲಿಗೆ ಕಚ್ಚಿಕೊಂಡು, ವಾಚನಾಲಯ ತೆಗೆಯುವ ಹೊತ್ತಾಯಿತೆಂದು ಹೇಗೋ ಪಾರಾಗಿ ಬಂದ. ಇನ್ನೊಂದು ದಿನ ಹೋದರೆ ಕತೆ ಮುಗಿಯುತ್ತದೆ, ಪುಸ್ತಕವೂ ಮುಗಿಯುತ್ತದೆ ಎಂಬುದು ಅವನಿಗೆ ಸ್ಪಷ್ಟವಾಯಿತು. ತನ್ನ ಬಾಯಿಯನ್ನು ಅವನು ಚೆನ್ನಾಗಿ ಬಲ್ಲವನು.

ಪಡಸಾಲೆ ತಪ್ಪಿಸಲು ಆ ವಾರ ಸಂಬಂಧಿಕರ ಮನೆಗೆಂದು ಗುಡೂರಿಗೆ ಹೋದಾಗ, ಅಲ್ಲಿಯ ಮಠದಲ್ಲಿ ಸ್ವಾಮಿಗಳೊಬ್ಬರು ಮೌನ ಅನುಷ್ಠಾನಕ್ಕೆ ಕೂತಿದ್ದರು. ಜನ ಬರುತ್ತಿದ್ದರು, ಕಾಯಿ ಇಡುತ್ತಿದ್ದರು, ಅಡ್ಡ ಬೀಳುತ್ತಿದ್ದರು. ಒಬ್ಬರೂ ಒಂದು ಮಾತು ಕೇಳುತ್ತಿರಲಿಲ್ಲ. ಗುರಲಿಂಗಪ್ಪ ಕೈಮುಗಿದು ನಿಂತೇ ಇದ್ದ. ಅವನಿಗೆ ಕಂಡದ್ದು ಭಕ್ತಿಯ ದಾರಿಯಲ್ಲ, ತಪ್ಪಿಸಿಕೊಳ್ಳುವ ದಾರಿ. ಮೌನ ಹಿಡಿದವನನ್ನು ಹುಚ್ಚವ್ವ ಕೂಡ ಅಗಳಿ ಹಾಕಿ ಕೂಡಿಸುವಂತಿಲ್ಲ. ತಪಾಸಣೆ ಮುಗಿಯುವವರೆಗೆ ಹಿಡಿದರೆ ಸಾಕು.

ಶ್ರಾವಣದ ಮೊದಲನೆಯ ದಿನ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಒಂದು ಹಾಳೆಯ ಮೇಲೆ "ಹನ್ನೊಂದು ದಿನ ಮೌನ" ಎಂದು ಬರೆದು ಹೆಂಡತಿಯ ಮುಂದೆ ಹಿಡಿದ.

ಸಾವಿತ್ರೆವ್ವ ಅದನ್ನು ಎರಡು ಸಲ ಓದಿದಳು. "ನೀವು? ಹನ್ನೊಂದು ದಿನಾ?" ಎಂದಳು. ಅವನು ಗೋಣು ಹಾಕಿದ. ಅವಳು ದೇವರ ಕಡೆ ತಿರುಗಿ ಕೈಮುಗಿದು ಒಲೆಯ ಮುಂದೆ ಹೋದಳು. ಮೊದಲ ದಿನ ಅವಳಿಗೆ ಹಬ್ಬ. ಎರಡನೆಯ ದಿನ ಮನೆ ಬಿಕೋ ಎಂದಿತು. ಮೂರನೆಯ ದಿನ ಗಂಡನ ಹಣೆ ಮುಟ್ಟಿ ನೋಡಿದಳು. ನಾಲ್ಕನೆಯ ದಿನ ಅವಳಿಗೆ ಹೊಳೆಯಿತು, ಇಪ್ಪತ್ತು ವರ್ಷದಲ್ಲಿ ಮಾತಿನ ಪಾಳಿ ತನಗೆ ಬಂದದ್ದು ಇದೇ ಮೊದಲು ಎಂದು. ಅಂದು ರೊಟ್ಟಿ ಬಡಿಯುತ್ತ ಶುರು ಮಾಡಿದವಳು ಮದುವೆಯಲ್ಲಿ ಅವನ ಕಡೆಯವರು ತಂದ ಸೀರೆಯ ಸೆರಗಿನಿಂದ ಹಿಡಿದು ಹೋದ ವಾರದ ಹಿಟ್ಟಿನ ಗಿರಣಿಯ ಜಗಳದವರೆಗೆ ಬಂದಳು. ಅವನು ನಡುನಡುವೆ ಬಾಯಿ ತೆರೆದು ಮತ್ತೆ ಮುಚ್ಚುವುದನ್ನು ನೋಡಿ ಅವಳಿಗೆ ಎಷ್ಟು ಸುಖವಾಯಿತೆಂದರೆ, ಎರಡು ರೊಟ್ಟಿ ಹೆಚ್ಚಿಗೆ ಬಡಿದು ಹಾಕಿದಳು.

ಓಣಿಯಲ್ಲಿ ಸುದ್ದಿ ಹಬ್ಬಿತು. ಮೊದಲು ಯಾರೂ ನಂಬಲಿಲ್ಲ. ಗುರಲಿಂಗಪ್ಪನ ಬಾಯಿ ಬಿಡಿಸಬೇಕೆಂದು ಇಬ್ಬರು ಮೂವರು ಬಂದು, "ಆ ಬಾದಾಮಿ ಗುಡ್ಡದ ಕತಿ ಏನೂ ಸುಖ ಇಲ್ಲ ಬಿಡೋ," ಎಂದು ಚುಚ್ಚಿದರು. ಅವನ ಕಿವಿ ಕೆಂಪಾದವು, ತುಟಿ ಪಿಟಕ್ಕೆನ್ನಲಿಲ್ಲ. ಆಗ ಜನಕ್ಕೆ ಭಯ ಹುಟ್ಟಿತು. ಇದು ಖರೇ ಅನುಷ್ಠಾನವೇ ಇರಬೇಕೆಂದು ಮುದುಕಿಯೊಬ್ಬಳು ವಾಚನಾಲಯದ ಹೊಸ್ತಿಲಿಗೆ ಊದಿನಕಡ್ಡಿ ಹಚ್ಚಿಟ್ಟು ಹೋದಳು. ಒಬ್ಬ ತನ್ನ ಎಮ್ಮೆ ಗಬ್ಬ ನಿಂತೀತೋ ಇಲ್ಲವೋ ಎಂದು ಅವನ ಮುಖ ನೋಡಿ ತಿಳಿದುಕೊಂಡು ಹೋದ.

ಹುಚ್ಚವ್ವನ ಪಡಸಾಲೆಯಲ್ಲಿ ಮಾತ್ರ ಭಕ್ತಿಗೆ ಪುರುಸೊತ್ತಿರಲಿಲ್ಲ. ಅಲ್ಲಿ ಹರಗೋಲು ನಡುಹೊಳೆಯಲ್ಲಿ ನಿಂತಿತ್ತು, ಹೋತ ಮುಂಗಾಲು ಎತ್ತಿತ್ತು. ಹುಡುಗಿಯರಲ್ಲಿ ಶಹರಬಾನು ಎಂಬುವಳು ಹದಿಮೂರರವಳು. ಏಳನೆಯ ಇಯತ್ತೆ ಮುಗಿಸಿ ಈ ವರ್ಷ ಶಾಲೆ ಬಿಟ್ಟು ರಾಟಿಗೆ ಕೂತವಳು. ಅವಳು ತಡೆಯಲಾರದೆ, "ಮುಂದ ಏನಾತ್ರಿ, ನಿಮಗರ ಗೊತ್ತಿದ್ರ ಹೇಳ್ರಿ," ಎಂದು ಹಳೆಯವರನ್ನು ಕೇಳಿದಳು. ಹಳೆಯವರಿಗೆಲ್ಲ ಗೊತ್ತಿತ್ತು. ತೊಂದರೆ ಬಂದದ್ದೇ ಅಲ್ಲಿ. ಎಷ್ಟು ಸಲ ಕೇಳಿದ್ದರೂ ಒಬ್ಬೊಬ್ಬರೂ ತಮ್ಮ ಮನಸ್ಸಿಗೆ ಹತ್ತಿದ ಹೋತವನ್ನೇ ಹಿಡಿದು ಕೂತಿದ್ದರು.

"ಹೋತ ಮುಳುಗ್ತು," ಎಂದಳು ಹುಚ್ಚವ್ವ. "ನಾ ಅವತ್ತ ರಾತ್ರಿ ಊಟಾ ಮಾಡಿಲ್ಲ."

ನೂಲು ಒಯ್ಯಲು ಬಂದಿದ್ದ ನೇಕಾರರ ರೇಣವ್ವ ತಿರುಗಿ ನಿಂತಳು. "ಯಾರು ಹೇಳಿದ್ರು ಮುಳುಗ್ತು ಅಂತ? ಹಗ್ಗಾ ಕಚ್ಚಿ ಎಳೀತು. ನಾ ಕುಂತು ಕೇಳೇನಿ, ಇದ ಜಾಗಾದಾಗ."

"ನೀ ಕೇಳಿದ್ದು ಬ್ಯಾರೆ ಹೋತ ಇರಬೇಕು."

"ಒಂದು ಹರಗೋಲಿನ್ಯಾಗ ಎಷ್ಟು ಹೋತ ಇರ್ತಾವು?"

ಕುರಿಗಾರರ ಹನಮವ್ವ ಈಗ ಮೂರು ಮಕ್ಕಳ ತಾಯಿ. ಜಗಳದ ಸದ್ದಿಗೆ ಅವಳೂ ಬಂದು, ಹೋತವನ್ನು ಕತೆಗೆ ತರಿಸಿದವಳು ತಾನೇ, ತನಗೆ ತಿಳಿಯದ್ದು ಏನಿದೆ ಎಂದಳು. ಹೆಡ್ ಮಾಸ್ತರನ್ನು ಹಾದದ್ದೂ ಹೊರಗೆ ಬಂತು. ಎರಡು ದಿನದಲ್ಲಿ ಓಣಿ ಮೂರು ಪಾಲಾಯಿತು. ಎಲ್ಲರೂ ಸೇರಿ ಗುರಲಿಂಗಪ್ಪನ ಮುಂದೆ ಹೋಗಿ ನಿಂತರು. ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ, ಕಣ್ಣು ಮುಚ್ಚಿದ.

"ಪುಸ್ತಕದಾಗ ನೋಡೂಣ್ರಿ," ಎಂದಳು ಶಹರಬಾನು.

ಹನ್ನೊಂದು ವರ್ಷದಲ್ಲಿ ಯಾರಿಗೂ ಹೊಳೆಯದ ಮಾತು ಅದು. ಹುಚ್ಚವ್ವ ತಕ್ಷಣ ಹೆಬ್ಬೆಟ್ಟು ಒತ್ತಿ ವಾಚನಾಲಯದ ಸದಸ್ಯಳಾದಳು, ಅವಳಿಗೆ ಓದಲು ಬಾರದೆಂಬುದು ಬೇರೆ ವಿಷಯ. ಗುರಲಿಂಗಪ್ಪ ಬೆಳ್ಳನೆಯ ಚೀಟಿಯ ಮೇಲೆ ಮೊದಲ ಶಿಕ್ಕಾ ಒತ್ತಿದ. ಅವನ ಕಣ್ಣಲ್ಲಿ ನೀರು ಬಂದದ್ದನ್ನು ಜನ ಅನುಷ್ಠಾನದ ಪ್ರಭಾವ ಎಂದುಕೊಂಡರು.

ಪಡಸಾಲೆಯಲ್ಲಿ ಶಹರಬಾನು ಗಟ್ಟಿಯಾಗಿ ಓದಿದಳು. ಸಂಜೆಯವರೆಗೆ ಓದಿ ಮುಗಿಸಿದರು. ಹೋತ ಬರಲಿಲ್ಲ. ಮೊದಲಿನಿಂದ ಮತ್ತೆ ಓದಿದರು, ಹೋತದ ಬಾಲವೂ ಇಲ್ಲ. ರೇಣವ್ವ, ಇವರು ಸರಿಯಾಗಿ ಓದಿಲ್ಲವೆಂದು ಮರುದಿನ ತನ್ನ ಹೆಸರಿನಲ್ಲಿ ಒಯ್ದಳು. ಅವಳ ಮೇಲೆ ನಂಬಿಕೆ ಇಲ್ಲದೆ ಹನಮವ್ವ ಒಯ್ದಳು. ಬೆಳಿಗ್ಗೆ ಒಬ್ಬರು, ಸಂಜೆ ಒಬ್ಬರು. ಹೋತ ಹುಡುಕಲು ಹೋದವರ ಮನೆಯಲ್ಲಿ ಹುಡುಗ ಹುಡುಗಿಯರು ಪುಸ್ತಕ ಕಸಿದುಕೊಂಡು ಓದಿದರು. ಚೀಟಿಯ ಮೇಲೆ ಹದಿನಾಲ್ಕು ಶಿಕ್ಕಾ ಬಿದ್ದವು. ಒಳಗೇನು ನಡೆಯುತ್ತಿದೆಯೆಂದು ಗುರಲಿಂಗಪ್ಪ ತೆರೆದು ನೋಡಲಿಲ್ಲ, ಹಿಂದಿನ ರಟ್ಟು ಎತ್ತಿ ಚೀಟಿ ಎಣಿಸುವುದರಲ್ಲೇ ಅವನಿಗೆ ಸಂತೋಷ ಸಾಕಾಗಿತ್ತು.

ಹತ್ತನೆಯ ದಿನ ಮುಂಜಾನೆಯ ಬಸ್ಸಿಗೆ ತಪಾಸಣೆಯ ಸಾಹೇಬರು ಬಂದರು. ತೆಳ್ಳನೆಯ ಮನುಷ್ಯ, ಕಂಕುಳಲ್ಲಿ ಫೈಲು, ಮಾತು ಕಡಿಮೆ. ಮೌನದ ಹಾಳೆ ಓದಿ, "ಸರಕಾರಿ ಕೆಲಸದಾಗ ಇದೇನ್ರಿ ಹೊಸಾದು," ಎಂದಷ್ಟೇ ಅಂದು ಕುರ್ಚಿಯಲ್ಲಿ ಕೂತರು. ಅನುಷ್ಠಾನಕ್ಕೆ ಏನಾಗುತ್ತದೋ ನೋಡೋಣವೆಂದು ಓಣಿಯವರೆಲ್ಲ ಬಾಗಿಲಲ್ಲಿ ನಿಂತಿದ್ದರು. ಸಾಹೇಬರು ಕೆಳಗಿನ ಹಲಗೆಯ ಪುಸ್ತಕಗಳನ್ನು ಒಂದೊಂದಾಗಿ ತಿರುಗಿಸಿದರು. 'ತುಂಗವ್ವನ ಹರಗೋಲು' ಬಂದಾಗ ಚೀಟಿ ನೋಡಿ ಹುಬ್ಬು ಏರಿಸಿದರು. ಗುರಲಿಂಗಪ್ಪ ನೆಟ್ಟಗೆ ನಿಂತ. ಆಮೇಲೆ ಸಾಹೇಬರು ಪುಸ್ತಕ ತೆರೆದರು.

ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿತ್ತು: "ಇಲ್ಲಿ ಹೋತ ಬಿಟ್ಟಾರ." ಮುಂದಿನ ಪುಟದಲ್ಲಿ ಬೇರೆ ಅಕ್ಷರ: "ಹೋತ ಹಗ್ಗ ಕಚ್ಚಿದ್ದು ಇಲ್ಲೆ." ಅದರ ಕೆಳಗೆ ಇನ್ನೊಬ್ಬರದು: "ಸುಳ್ಳು. ಮುಳುಗ್ತು." ನಡುಹೊಳೆಯ ಪುಟದಲ್ಲಿ, ಬರೆಯಲು ಬಾರದ ಹುಚ್ಚವ್ವ ಕೊಂಬು ಗಡ್ಡ ಸಹಿತ ಒಂದು ಹೋತದ ಚಿತ್ರವನ್ನೇ ತೆಗೆದಿದ್ದಳು.

"ಏನಿದು?" ಎಂದರು ಸಾಹೇಬರು.

ಹುಚ್ಚವ್ವ ಮುಂದೆ ಬಂದಳು. "ನಾವೂ ಅದನ್ನ ಕೇಳಾಕ ನಿಂತೇವ್ರಿ. ಅಚ್ಚು ಹಾಕಿದವ್ರು ಹೋತ ತಿಂದಾರ. ಗುರಲಿಂಗಪ್ಪ ಹೇಳೂ ಕತಿ ನಾವು ಹತ್ತು ವರ್ಷದಿಂದ ಕೇಳೇವಿ, ಅದರಾಗ ಹೋತ ಐತಿ. ಪುಸ್ತಕದಾಗ ಇಲ್ಲ. ನೀವು ಮ್ಯಾಲ ಬರದು ನಮ್ಮ ಹೋತ ತರಿಸಿಕೊಡ್ರಿ."

"ಹೌದ್ರಿ, ತರಿಸ್ರಿ," ಎಂದಳು ರೇಣವ್ವ. ಈ ಒಂದು ವಿಷಯದಲ್ಲಿ ಮೂರೂ ಪಾಲಿನವರು ಒಂದಾಗಿದ್ದರು.

ಸಾಹೇಬರು ಪುಟಗಳನ್ನು ಮತ್ತೊಮ್ಮೆ ಸರಿಸಿ ಪೆನ್ನು ತೆಗೆದರು. "ಹಂಗಾರ ನಡುವ ಹಾಳಿ ಹೋಗ್ಯಾವು. ಹಾಳಿ ಹೋದ ಪುಸ್ತಕ ಇಟ್ಟುಕೊಳ್ಳಾಕ ಬರೂದಿಲ್ಲ. ಮ್ಯಾಲ ಇಷ್ಟು ಗೀಚ್ಯಾರ. ರದ್ದಿಗಿ ಹಾಕ್ರಿ."

ಜನರಿಗೆ ತಾವು ಏನು ಮಾಡಿದೆವೆಂದು ತಿಳಿಯಲಿಲ್ಲ. ತಿಳಿದದ್ದು ಗುರಲಿಂಗಪ್ಪನಿಗೆ ಒಬ್ಬನಿಗೇ. ಹನ್ನೊಂದು ವರ್ಷ ತಾನು ಮೇಯಿಸಿದ ಹೋತ ಈಗ ಪುಸ್ತಕವನ್ನೇ ತಿನ್ನುತ್ತಿದೆ. ಬಾಯಿ ಬಿಟ್ಟರೆ ಅನುಷ್ಠಾನ ಕೆಟ್ಟಿತು. ಅದು ಹೋಗಲಿ, ಬಿಟ್ಟ ಬಾಯಿಂದ ನಿಜ ಹೇಳಿದರೆ ಈ ಓಣಿಯಲ್ಲಿ ಇನ್ನು ಅವನ ಕತೆಯನ್ನು ನಂಬುವವರಾರು? ಊರಿನಲ್ಲಿ ಅವನಿಗೆ ಬೇರೆ ಹೆಸರಿರಲಿಲ್ಲ, ಹೊಲವಿರಲಿಲ್ಲ, ಅಧಿಕಾರವಿರಲಿಲ್ಲ. ಇದ್ದದ್ದು ಅದೊಂದೇ ಮರ್ಯಾದೆ. ಸಾಹೇಬರ ಪೆನ್ನು ಪಟ್ಟಿಯ ಮೇಲೆ ಬಂತು.

"ಹಾಳಿ ಹೋಗಿಲ್ಲರಿ," ಎಂದ ಗುರಲಿಂಗಪ್ಪ. ಹತ್ತು ದಿನ ಬಳಸದ ಗಂಟಲು ಬಾಗಿಲಿನ ಹಾಗೆ ಕಿರುಗುಟ್ಟಿತು. "ಪುಸ್ತಕ ಪೂರಾ ಐತಿ. ಹೋತ ನಂದು. ನಾ ಸೇರಿಸಿದ್ದು. ಪುಸ್ತಕದಾಗ ಮೊದಲಿಂದನೂ ಇದ್ದಿಲ್ಲ."

ಮಾತಾಡಿದ ಪಾಪ ದೊಡ್ಡದೋ ಮಾತಿನಲ್ಲಿದ್ದ ಪಾಪ ದೊಡ್ಡದೋ ಜನರಿಗೆ ಹೊಳೆಯಲಿಲ್ಲ. ಹುಚ್ಚವ್ವ ನಿಧಾನವಾಗಿ ಅವನ ಕಡೆ ತಿರುಗಿದಳು.

"ನಾ ಊಟ ಬಿಟ್ಟಿದ್ದೆನೋ, ಗುರಲಿಂಗಪ್ಪ."

"ತಪ್ಪಾತು ಹುಚ್ಚವ್ವ."

"ಯಾಕ ಸೇರಿಸಿದಿ?"

ಹನಮವ್ವ ಕೇಳಿದಳೆಂದು ಹೇಳಬಹುದಿತ್ತು. ಅದು ಅರ್ಧ ಸತ್ಯ. "ಪುಸ್ತಕದಾಗ ತುಂಗವ್ವ ಹುಡುಗರನ್ನ ಆಚಿ ದಂಡಿಗಿ ಇಳಿಸಿ, ಬರೇ ಹರಗೋಲು ತಗೊಂಡು ಒಬ್ಬಾಕೆನ ತಿರುಗಿ ಬರ್ತಾಳ," ಎಂದ. "ಆ ಮಳ್ಯಾಗ, ಅಷ್ಟು ದೊಡ್ಡ ಹೊಳ್ಯಾಗ, ಅಷ್ಟ ಸಣ್ಣ ಹುಡುಗಿ. ನನಗ ಹೇಳಾಕ ಬಾಯಿ ಬರಲಿಲ್ಲ. ಜೋಡಿಗೆ ಒಂದು ಜೀವ ಇರಲಿ ಅಂತ ಇಟ್ಟೆ."

ಹುಡುಗಿಯರ ಹಿಂದೆ ನಿಂತಿದ್ದ ಶಹರಬಾನು ಸಾಹೇಬರ ಮೇಜಿನ ಹತ್ತಿರ ಬಂದಳು.

"ಸಾಹೇಬ್ರ, ಇದನ್ನ ರದ್ದಿಗಿ ಹಾಕಬ್ಯಾಡ್ರಿ. ಹೋತ ಇಲ್ಲದ್ದ ಛಲೋ ಐತ್ರಿ." ಪುಸ್ತಕದ ಮೇಲೆ ಕೈ ಇಟ್ಟಳು. "ಅಕಿ ಒಬ್ಬಾಕೆನ ಬರೂ ಮುಂದ, ಪರೀಕ್ಷಾದಾಗ ಏನೇನು ಕೇಳಿರ್ತಾರ ಅಂತ ತಾನ ಕೇಳಿಕೊಂಡು, ತಾನ ಉತ್ತರಾ ಹೇಳಕೋತ ಹುಟ್ಟು ಹಾಕ್ತಾಳ್ರಿ. ಎಲ್ಲಾ ಬರೋಬ್ಬರಿ ಹೇಳ್ತಾಳ. ಹೊಳಿ ಒಂದ ಕೇಳ್ತದ. ನಾ ಅದನ್ನ ಆರು ಸಲ ಓದೇನ್ರಿ." ಆಮೇಲೆ ಗುರಲಿಂಗಪ್ಪನ ಕಡೆ ನೋಡಿ, "ಕಾಕಾ, ಇಷ್ಟು ಛಲೋದು ನೀವು ನಮಗ ಯಾಕ ಹೇಳಲಿಲ್ಲ?" ಎಂದಳು.

ಹನ್ನೊಂದು ವರ್ಷದಿಂದ ಗುರಲಿಂಗಪ್ಪ ಯಾರಿಗೆ ಭಾರವಾದೀತೆಂದು ಆ ಪುಟವನ್ನು ಮುಚ್ಚಿಟ್ಟಿದ್ದನೋ, ಅವರಲ್ಲಿ ಒಬ್ಬಳು ಅದನ್ನೇ ಎತ್ತಿಕೊಂಡು ನಿಂತಿದ್ದಳು. ನ್ಯಾಯವಾಗಿ ನಾಚಿಕೆಯಾಗಬೇಕು, ಆಯಿತು. ಅದರ ಜೊತೆಗೇ ತುಂಬ ಸಂತೋಷವೂ ಆಯಿತು.

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. "ಪೆನ್ಸಿಲು ಹೌದಲ್ರಿ? ಅಳಿಸ್ರಿ ಮೊದಲು," ಎಂದರು. ಯಾರೋ ಶಾಲೆಯ ಹುಡುಗರಿಂದ ನಾಲ್ಕು ರಬ್ಬರು ತಂದರು. ರೇಣವ್ವ ತನ್ನದನ್ನು ಅಳಿಸಿದಳು, ಹನಮವ್ವ ತನ್ನದನ್ನು. ಹುಚ್ಚವ್ವ ತನ್ನ ಹೋತದ ಕೊಂಬು ಚೆನ್ನಾಗಿ ಬಂದಿದೆಯೆಂದು ತಕರಾರು ತೆಗೆದಳು, ಕೊನೆಗೆ ತಾನೇ ರಬ್ಬರು ಕಸಿದುಕೊಂಡು, ಬೈಯುತ್ತ ಬೈಯುತ್ತ ಬಾಲದಿಂದ ಶುರು ಮಾಡಿ ಉಜ್ಜಿದಳು. ಅಷ್ಟರಲ್ಲಿ ಸಾಹೇಬರು ಉಳಿದ ಪುಸ್ತಕಗಳನ್ನು ನೋಡಿ ಮುಗಿಸಿದರು. ಪಟ್ಟಿಯಲ್ಲಿ ಕೆಳಗಿನ ಹಲಗೆಯ ಒಂದು ಹೆಸರೂ ಹೋಗಲಿಲ್ಲ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಸಾಹೇಬರು ಫೈಲು ಕಟ್ಟಿ ಎದ್ದರು, ಬಾಗಿಲವರೆಗೆ ಹೋದರು, ತಿರುಗಿ ಬಂದರು.

"ಅಲ್ರಿ ಗುರಲಿಂಗಪ್ಪ, ಆ ಹುಡುಗಿ ಒಬ್ಬಾಕೆನ ತಿರುಗಿ ಬಂದಳು ಅಂದ್ರಿ," ಎಂದರು ತಗ್ಗಿದ ದನಿಯಲ್ಲಿ. "ಮುಂದ ಅಕಿ ಪರೀಕ್ಷಾ ಕೊಟ್ಟಳೋ ಇಲ್ಲೊ?"

ಗುರಲಿಂಗಪ್ಪನ ಬಾಯಿ ತಾನಾಗಿಯೇ ತೆರೆಯಿತು. ಮೌನ ಮುರಿದಿತ್ತು, ತಡೆಯುವವರು ಯಾರೂ ಇರಲಿಲ್ಲ, ಕೇಳುವವನು ಎದುರಿಗೆ ನಿಂತು ಬೇಡುತ್ತಿದ್ದ. ಮಳೆ, ಹೊಳೆ, ಆಚೆ ದಂಡೆಯ ಮಾಸ್ತರ, ಎಲ್ಲವೂ ನಾಲಿಗೆಯ ತುದಿಗೆ ಬಂದು ನಿಂತವು. ಹುಚ್ಚವ್ವ, ರೇಣವ್ವ, ಶಹರಬಾನು ಎಲ್ಲರೂ ಉಸಿರು ಹಿಡಿದು ಅವನನ್ನೇ ನೋಡಿದರು. ಹಿಂದಿನ ಹತ್ತು ದಿನದ ಮೌನ ಇದರ ಮುಂದೆ ಏನೂ ಅಲ್ಲ. ಅವನು ಬಾಯಿ ಮುಚ್ಚಿಕೊಂಡ, ಮೇಜಿನ ಮೇಲಿನ ಹಳದಿ ರಟ್ಟಿನ ಪುಸ್ತಕ ಎತ್ತಿದ, ಎರಡೂ ಕೈಯಿಂದ ಸಾಹೇಬರ ಮುಂದೆ ಹಿಡಿದ.

ಸಾಹೇಬರು ಒಂದು ಗಳಿಗೆ ಅದನ್ನು ನೋಡಿದರು. ಆಮೇಲೆ ಕೂತು ಚೀಟಿಯ ಮೇಲೆ ಹದಿನೈದನೆಯ ಸಹಿ ಹಾಕಿದರು.